ಗ್ವಾಂಗ್‌ಝೌನಲ್ಲಿ ತೊಳೆದ ಬಟ್ಟಲು

ಬಸವೇಶ್ವರನಗರ, ಹೊರಡುವ ಮುನ್ನ

ನಮ್ಮ ಬಡಾವಣೆಯಲ್ಲಿ ವಿದೇಶಕ್ಕೆ ಹೋಗಿ ಬಂದವರು ಎರಡು ಬಗೆ. ಒಂದು ಬಗೆಯವರು ಆ ದೇಶದ ರಸ್ತೆಗಳ ಸ್ವಚ್ಛತೆಯನ್ನು ಹೊಗಳುತ್ತಾ ನಮ್ಮ ರಸ್ತೆಯ ಮೇಲೆ ಉಗುಳುತ್ತಾರೆ. ಇನ್ನೊಂದು ಬಗೆಯವರು ಅಲ್ಲಿ ತಿನ್ನಲು ಏನೂ ಸಿಗಲಿಲ್ಲವೆಂದು ಗೋಳಾಡುತ್ತಾರೆ. ಆದರೆ ಹೋದಾಗಿನದಕ್ಕಿಂತ ದಪ್ಪಗಾಗಿ ಬಂದಿರುತ್ತಾರೆ. ಚೀನಾಕ್ಕೆ ಹೋಗಿ ಬಂದ ಮೇಲೆ ನಾನು ಎರಡೂ ಗುಂಪಿಗೆ ಸೇರದೆ ಉಳಿದೆ. ಕಾರಣ ನನ್ನ ಓದು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು. ಯಾರು ಏನೇ ಹೇಳಲಿ, ‘ಆಧಾರ ಏನು?’ ಎಂದು ಕೇಳಬೇಕೆಂದು ಅಲ್ಲಿ ಕಲಿಸಿದರು. ಹಾಗೆ ಕೇಳಿ ಕೇಳಿ ಗೆಳೆಯರು ಮುಗಿದರು, ನೆಂಟರು ದೂರವಾದರು. ಕೇಳಲು ಬೇರೆ ಯಾರೂ ಉಳಿಯದೆ ಈಗೀಗ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ನನ್ನ ನೆನಪಿನಷ್ಟು ಹುರುಪಿನಿಂದ ಸುಳ್ಳು ಹೇಳುವ ಸಾಕ್ಷಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಚೀನಾಕ್ಕೆ ಹೋದದ್ದಂತೂ ನಿಜ. ಪಾಸ್‌ಪೋರ್ಟಿನಲ್ಲಿ ಮುದ್ರೆ ಇದೆ. ಹೋದದ್ದು ಭಾವನ ಜೊತೆ. ಭಾವ ಎಂದರೆ ನನ್ನ ಹೆಂಡತಿ ಗಿರಿಜೆಯ ಅಣ್ಣ ಮಹೇಶ್ವರಪ್ಪ, ದಾವಣಗೆರೆ ಕಡೆಯವರು. ರಾಜಾಜಿನಗರದ ಹಳೆಯ ಕೈಗಾರಿಕಾ ಶೆಡ್ಡುಗಳ ಸಾಲಿನಲ್ಲಿ ಅವರದೊಂದು ಅಂಗಡಿ. ಖಾರಾಸೇವೆ, ಕೋಡುಬಳೆ, ಕಡಲೆಬೀಜ ಮಾರುವ ಕಾಂಡಿಮೆಂಟ್ಸ್ ಅಂಗಡಿಯವರಿಗೆ ಪ್ಯಾಕಿಂಗ್ ಯಂತ್ರ ಮಾರುತ್ತಾರೆ. ಮೇಲಿನಿಂದ ಖಾರಾಸೇವೆ ಸುರಿದರೆ ಕೆಳಗಿನಿಂದ ಮೊಹರಾದ ಪೊಟ್ಟಣ ಬೀಳುತ್ತದೆ. ಯಂತ್ರ ತಯಾರಾಗುವುದು ಗ್ವಾಂಗ್‌ಝೌ ಎಂಬ ಊರಿನಲ್ಲಿ. ಅಲ್ಲಿನ ಕಾರ್ಖಾನೆಯ ಮಾಲೀಕ ಲಿಯಾಂಗ್ ಎಂಬಾತ ಕರ್ನಾಟಕಕ್ಕೆಲ್ಲ ಒಬ್ಬನೇ ಏಜೆಂಟನನ್ನು ನೇಮಿಸುತ್ತಾನೆಂದು ಸುದ್ದಿ ಬಂದಾಗಿನಿಂದ ಭಾವನಿಗೆ ನಿದ್ದೆ ಇಲ್ಲ. ಏಜೆನ್ಸಿ ಸಿಕ್ಕರೆ ಅವರು ಮಾಲೀಕರು. ಹುಬ್ಬಳ್ಳಿಯ ಪ್ರತಿಸ್ಪರ್ಧಿಗೆ ಸಿಕ್ಕರೆ ಇವರು ಆತನ ಗಿರಾಕಿ.

‘ಮೇಷ್ಟ್ರೇ, ನೀವೂ ಬನ್ನಿ,’ ಎಂದರು ಒಂದು ಭಾನುವಾರ. ಯಾವ ಕಾಲದಲ್ಲೋ ನಾನು ಕಾಲೇಜೊಂದರಲ್ಲಿ ಪಾಠ ಮಾಡಿದ್ದನ್ನು ಅವರು ಮಾತ್ರ ಮರೆತಿಲ್ಲ.

‘ನಾನ್ಯಾಕೆ ಭಾವ? ನನಗೆ ಯಂತ್ರದ ತಲೆ ಬುಡ ಗೊತ್ತಿಲ್ಲ.’

‘ಯಂತ್ರ ನಾನು ನೋಡ್ಕಂತೀನಿ. ನೀವು ಊಟಕ್ಕೆ ಬನ್ನಿ. ಆ ಜನ ಏಜೆನ್ಸಿ ಆಫೀಸಲ್ಲಿ ಕೊಡಲ್ವಂತೆ, ಊಟದ ಟೇಬಲ್ ಮೇಲೆ ತೀರ್ಮಾನ ಮಾಡ್ತಾರಂತೆ. ಹುಬ್ಳಿಯವನು ಹೋಗಿ ಬರೀ ಬಾಳೆಹಣ್ಣು ತಿಂದ್ಕಂಡು ಕೂತಿದ್ನಂತೆ. ಅವರಿಗೆ ಬೇಜಾರಾಯ್ತಂತೆ.’

‘ಅದಕ್ಕೆ?’

‘ನೀವು ಯಾವ್ದನ್ನೂ ನಂಬಲ್ಲ ಅಂತೀರಲ್ಲ. ನಂಬದೇ ಇರೋರು ಏನ್ ಬೇಕಾದ್ರೂ ತಿನ್ಬಹುದಲ್ಲ? ಇಬ್ರಲ್ಲಿ ಒಬ್ರಾದ್ರೂ ತಿಂದ್ರೆ ಅವರ ಮರ್ಯಾದೆ ಉಳಿಯತ್ತೆ, ನನ್ನ ಲಿಂಗಾನೂ ಉಳಿಯತ್ತೆ.’

ಭಾವನ ಲಿಂಗ ಅವರ ಎದೆಯ ಮೇಲಿದೆ. ನನ್ನದು ಅಲ್ಮೆರಾದಲ್ಲಿ, ಗಿರಿಜೆಯ ರೇಷ್ಮೆ ಸೀರೆಗಳ ನಡುವೆ ಇದೆ. ಆಹಾರದ ಕಟ್ಟುಪಾಡುಗಳೆಲ್ಲ ಸಮಾಜ ಕಟ್ಟಿದ ಬೇಲಿ ಎಂದು ನಾನು ಮದುವೆ ಮನೆಗಳಲ್ಲಿ ಭಾಷಣ ಮಾಡಿದ್ದೇನೆ. ಆ ಬೇಲಿ ದಾಟಿ ಮೊಟ್ಟೆಯವರೆಗೆ ಹೋಗಿ ಬಂದವನು ನಾನು. ಅದರಾಚೆಗೆ ಹೋಗಲಿಲ್ಲ ಎಂಬುದನ್ನು ಯಾರೂ ಕೇಳಿರಲಿಲ್ಲವಾದ್ದರಿಂದ ಹೇಳಿರಲಿಲ್ಲ.

ಭಾವನ ಬಗ್ಗೆ ಇನ್ನೂ ಒಂದು ಮಾತು ಹೇಳಬೇಕು. ಅವರು ಉಪಚಾರದಲ್ಲಿ ಕುಖ್ಯಾತರು. ಅವರ ಮನೆಯ ಪಂಕ್ತಿಯಲ್ಲಿ ಕೂತು ‘ಸಾಕು’ ಎಂದರೆ ಹೋಳಿಗೆ ಬೀಳುತ್ತದೆ. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಕೈಯ ಮೇಲೆಯೇ ತುಪ್ಪ ಬೀಳುತ್ತದೆ. ಹಾಗೆ ಬಿದ್ದದ್ದನ್ನು ಬಿಡುವಂತೆಯೂ ಇಲ್ಲ. ತಟ್ಟೆಗೆ ಬಂದದ್ದು ಪ್ರಸಾದ; ಪ್ರಸಾದ ಕೆಡಿಸಬಾರದು. ಮನೆಯಲ್ಲಿ ಉಣ್ಣುವಾಗ ಭಾವ ಕೊನೆಯ ಅಗುಳು ಎತ್ತಿದ ಮೇಲೆ ತಟ್ಟೆಗೆ ನೀರು ಹೊಯ್ದು, ಬೆರಳಿನಿಂದ ಸುತ್ತ ಸವರಿ ತೊಳೆದು, ಆ ನೀರನ್ನು ಕುಡಿದುಬಿಡುತ್ತಾರೆ. ನಮ್ಮ ಅಜ್ಜನೂ ಹಾಗೇ ಮಾಡುತ್ತಿದ್ದರು, ಅಪ್ಪನೂ. ಹುಡುಗನಾಗಿದ್ದಾಗ ನಾನೂ. ವಿಶ್ವವಿದ್ಯಾಲಯ ಸೇರಿದ ವರ್ಷವೇ ಅದನ್ನೆಲ್ಲ ಬಿಟ್ಟೆ.

ವಿಮಾನ ನಿಲ್ದಾಣ

ಭಾವನ ಚೀಲದಲ್ಲಿ ಎರಡು ಜೊತೆ ಬಟ್ಟೆ ಇತ್ತು. ಉಳಿದದ್ದು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅವಲಕ್ಕಿ, ಮತ್ತು ಒಂದು ವಿಭೂತಿ ಗಟ್ಟಿ. ಗ್ವಾಂಗ್‌ಝೌನಲ್ಲಿ ಇಳಿದಾಗ ಅಲ್ಲಿನ ಅಧಿಕಾರಿ ರೊಟ್ಟಿಯನ್ನು ತಟ್ಟಿ ನೋಡಿದ, ಚಟ್ನಿಪುಡಿಯನ್ನು ಮೂಸಿ ಸೀನಿದ. ಕೊನೆಗೆ ವಿಭೂತಿ ಗಟ್ಟಿಯನ್ನು ಎತ್ತಿ ಹಿಡಿದು ನಮ್ಮ ಮುಖ ನೋಡಿದ. ಅಪರಿಚಿತ ದೇಶಕ್ಕೆ ಬಿಳಿ ಪುಡಿ ಕೊಂಡೊಯ್ಯುವವರನ್ನು ಎಲ್ಲ ಅಧಿಕಾರಿಗಳೂ ಅದೇ ಕಣ್ಣಿನಿಂದ ನೋಡುತ್ತಾರೆಂದು ಕಾಣುತ್ತದೆ.

ನಾನು ಇಂಗ್ಲಿಷಿನಲ್ಲಿ ಶುರು ಮಾಡಿದೆ. ಇದು ಧಾರ್ಮಿಕ ಚಿಹ್ನೆ, ಇದಕ್ಕೆ ಶತಮಾನಗಳ ಹಿನ್ನೆಲೆ ಇದೆ, ಇದರ ಮೂಲದ ಬಗ್ಗೆ ಭಿನ್ನಾಭಿಪ್ರಾಯಗಳಿವೆ ಎಂದೆಲ್ಲ. ಭಿನ್ನಾಭಿಪ್ರಾಯ ಎಂಬ ಮಾತು ಕಿವಿಗೆ ಬಿದ್ದದ್ದೇ ಆತ ಇನ್ನೊಬ್ಬ ಅಧಿಕಾರಿಯನ್ನು ಕರೆದ.

‘ನೀವು ಸುಮ್ನಿರಿ ಮೇಷ್ಟ್ರೇ, ಒಳಗೆ ಹಾಕಿಸ್ತೀರ,’ ಎಂದು ಭಾವ ಮುಂದೆ ಬಂದರು. ಗಟ್ಟಿಯನ್ನು ಈಸಿಕೊಂಡು, ನೀರಿನ ಬಾಟಲಿಯಿಂದ ಎರಡು ಹನಿ ಹಾಕಿ ತೇಯ್ದು, ಹಣೆಯ ಮೇಲೆ ಮೂರು ಬೆರಳು ಎಳೆದರು. ಆಮೇಲೆ ಅದೇ ಮೂರು ಬೆರಳನ್ನು ಅಧಿಕಾರಿಯ ಹಣೆಯ ಕಡೆಗೆ ಚಾಚಿದರು. ಆತ ಎರಡು ಹೆಜ್ಜೆ ಹಿಂದೆ ಸರಿದು, ಹೋಗಿ ಹೋಗಿ ಎಂದು ಕೈ ಬೀಸಿದ. ನನ್ನ ಎಂ.ಎ. ಪದವಿ ವಿದೇಶದಲ್ಲಿ ಸೋತ ಮೊದಲ ಪ್ರಸಂಗ ಅದು.

ಹಳೆಯ ಪೇಟೆ

ಕಾರ್ಖಾನೆ ನೋಡಿಯಾಯಿತು. ಯಂತ್ರಗಳು ಯಂತ್ರಗಳ ಹಾಗೆಯೇ ಇದ್ದವು. ಊಟಕ್ಕೆ ನಮ್ಮನ್ನು ಊರಿನ ಹಳೆಯ ಪೇಟೆಗೆ ಕರೆದೊಯ್ದವರು ಗ್ರೇಸ್ ಮೇಡಂ. ಲಿಯಾಂಗರ ಕಾರ್ಖಾನೆಯಲ್ಲಿ ವಿದೇಶಿ ಗಿರಾಕಿಗಳನ್ನು ನೋಡಿಕೊಳ್ಳುವ ಹೆಂಗಸು. ಐವತ್ತರ ಆಸುಪಾಸು, ಗಿಡ್ಡ ಕೂದಲು, ಮುಖದಲ್ಲಿ ನಗು ಕಡಿಮೆ. ನಿಜವಾದ ಹೆಸರು ಬೇರೆ. ನಮ್ಮಂಥವರ ನಾಲಿಗೆಗೆ ಕರುಣೆ ತೋರಿ ಗ್ರೇಸ್ ಎಂದು ಇಟ್ಟುಕೊಂಡಿದ್ದರು.

ಪೇಟೆಯ ಗಲ್ಲಿಗಳಲ್ಲಿ ಸ್ಕೂಟರುಗಳೆಲ್ಲ ಬ್ಯಾಟರಿಯವು. ನಮ್ಮಲ್ಲಿ ಫುಟ್‌ಪಾತಿನ ಮೇಲೆ ಬರುವ ಸ್ಕೂಟರು ಹಾರ್ನ್ ಬಾರಿಸಿ, ಬೈದು, ತಾನು ಬಂದೆನೆಂದು ತಿಳಿಸಿಯೇ ಗುದ್ದುತ್ತದೆ. ಅಲ್ಲಿಯದು ಸದ್ದಿಲ್ಲದೆ ಬಂದು ಮೊಣಕೈ ಸವರಿಕೊಂಡು ಹೋಗುತ್ತದೆ. ಬನಿಯನ್ ಹಾಕಿಕೊಂಡ ಗಂಡಸರು ಬಾಗಿಲಿಗೆ ಕುರ್ಚಿ ಹಾಕಿಕೊಂಡು ಬಿಸಿನೀರು ಕುಡಿಯುತ್ತಾ ಹೋಗಿ ಬರುವವರನ್ನು ದಿಟ್ಟಿಸುತ್ತಿದ್ದರು. ಬಿಸಿನೀರು ಬಿಟ್ಟರೆ ಥೇಟ್ ನಮ್ಮ ಪಕ್ಕದ ಮಾರೇನಹಳ್ಳಿ.

ನಮ್ಮ ಬಡಾವಣೆಯ ಹತ್ತಿರದ ವಿಜಯನಗರದಲ್ಲಿ ‘ಅಪ್ಪಟ ಚೈನೀಸ್’ ಎಂಬ ಬೋರ್ಡಿರುವ ಗಾಡಿಗಳು ಬೇಕಾದಷ್ಟಿವೆ. ಬೋರ್ಡಿನಲ್ಲಿ ಡ್ರ್ಯಾಗನ್, ಬಾಣಲೆಯ ಮುಂದೆ ಮಂಡ್ಯದ ಮಾಸ್ಟರು. ನಾವು ಹೋದ ಹೋಟೆಲು ತಾನು ಅಪ್ಪಟವೆಂದು ಬೋರ್ಡ್ ಹಾಕಿಕೊಂಡಿರಲಿಲ್ಲ ಎಂದು ಎಲ್ಲರಿಗೂ ಹೇಳಿದ್ದೇನೆ. ಹಾಕಿಕೊಂಡಿತ್ತೋ ಏನೋ, ನನಗೆ ಆ ಲಿಪಿ ಓದಲು ಬರುವುದಿಲ್ಲ.

ಒಳಗೆ ಹೋಗುತ್ತಿದ್ದ ಹಾಗೆ ಗೋಡೆಯುದ್ದಕ್ಕೂ ಗಾಜಿನ ತೊಟ್ಟಿಗಳು. ನೀರಿನ ಗುಳ್ಳೆ, ಬಣ್ಣದ ದೀಪ, ಒಳಗೆ ಈಜಾಡುವ ಮೀನು.

‘ಎಷ್ಟ್ ಚೆನ್ನಾಗಿ ಸಾಕ್ಯಾರೆ ನೋಡ್ರೀ ಮೇಷ್ಟ್ರೇ,’ ಎಂದರು ಭಾವ. ನಮ್ಮ ಹೋಟೆಲುಗಳಲ್ಲೂ ಕ್ಯಾಷ್ ಕೌಂಟರಿನ ಪಕ್ಕ ಅಕ್ವೇರಿಯಂ ಇಡುತ್ತಾರಲ್ಲ, ವಾಸ್ತುವಿಗೆ. ಅದರ ದೊಡ್ಡಣ್ಣ ಎಂದು ಅವರು ತಿಳಿದರು. ಆತಿಥೇಯರ ಮನೆಯ ನಾಯಿ, ಮಗು, ಮೀನು ಇವನ್ನು ಹೊಗಳುವುದು ದಾವಣಗೆರೆಯ ಸಂಸ್ಕಾರ. ಬಾಗಿ, ಗಾಜಿಗೆ ಬೆರಳು ತಾಗಿಸಿ, ಬೂದು ಬಣ್ಣದ ಒಂದು ಮೀನನ್ನು ತೋರಿಸಿ ಗ್ರೇಸ್ ಮೇಡಂಗೆ ಇಂಗ್ಲಿಷಿನಲ್ಲಿ ಹೇಳಿದರು: ‘ವೆರಿ ಗುಡ್! ಬ್ಯೂಟಿಫುಲ್!’

ಗ್ರೇಸ್ ಮೇಡಂ ಮೆಚ್ಚುಗೆಯಿಂದ ತಲೆಯಾಡಿಸಿ ಒಳಗೆ ಕೂಗಿದರು. ಒಬ್ಬ ಬಲೆ ತಂದು ಅದೇ ಮೀನನ್ನು ಎತ್ತಿದ. ಅದು ಒದ್ದಾಡುತ್ತಿದ್ದ ಹಾಗೆಯೇ ತಂದು ಭಾವನ ಮೂಗಿನ ಮುಂದೆ ಹಿಡಿದ.

‘ಅಯ್ಯೋ ಶಿವನೇ! ಬ್ಯಾಡ ಬ್ಯಾಡ! ನೋ! ಬಿಡ್ರೀ ಅದನ್ನ!’

‘ಚಿಕ್ಕದಾಯಿತೇ?’ ಎಂದರು ಗ್ರೇಸ್ ಮೇಡಂ. ಬಲೆಯವನಿಗೆ ಏನೋ ಹೇಳಿದರು. ಅವನು ಅದನ್ನು ಬಿಟ್ಟು ಅದರಪ್ಪನಂಥದ್ದನ್ನು ಹಿಡಿದ. ಭಾವ ಮತ್ತೆ ಬಾಯಿ ತೆರೆದರು. ನಾನು ಅವರ ತೋಳು ಹಿಡಿದೆಳೆದೆ. ಇನ್ನೊಮ್ಮೆ ಬೇಡವೆಂದರೆ ತಿಮಿಂಗಿಲವನ್ನೇ ತರಿಸುತ್ತಾರೆಂದು ಕಂಡಿತು.

ದುಂಡು ಮೇಜು

ಮಹಡಿಯ ಮೇಲಿನ ಒಂದು ಕೋಣೆ. ನಡುವೆ ದುಂಡು ಮೇಜು. ಅದರ ಮೇಲೆ ತಿರುಗುವ ಗಾಜಿನ ತಟ್ಟೆ, ನಮ್ಮ ಎತ್ತಿನಗಾಡಿ ಚಕ್ರದಷ್ಟು ದೊಡ್ಡದು. ಲಿಯಾಂಗ್ ಎದ್ದು ನಿಂತು ಎರಡೂ ಕೈಯಲ್ಲಿ ಕೈ ಕುಲುಕಿದರು. ದಪ್ಪ ಕನ್ನಡಕದ, ಅವಸರದ ಮನುಷ್ಯ. ಅವರ ಪಕ್ಕದಲ್ಲಿ ಅವರ ಅಪ್ಪ: ತಲೆಗೆ ಬಟ್ಟೆಯ ಟೋಪಿ, ಹಲ್ಲು ಕಮ್ಮಿ, ಮಾತು ಇಲ್ಲ. ಕಾರ್ಖಾನೆ ಕಟ್ಟಿದವರು ಅವರೇ ಎಂದು ಗ್ರೇಸ್ ಮೇಡಂ ಪಿಸುಗುಟ್ಟಿದರು. ಬಾಗಿಲಿಗೆ ಎದುರಾದ ಕುರ್ಚಿ ದೊಡ್ಡ ಅತಿಥಿಯದಂತೆ. ಅಲ್ಲಿ ಭಾವನನ್ನು ಕೂರಿಸಿದರು.

ಮೊದಲು ಬಂದದ್ದು ಚಹಾ, ಹಾಲು ಸಕ್ಕರೆ ಇಲ್ಲದ್ದು. ಅದನ್ನು ಅವರು ಕುಡಿಯಲಿಲ್ಲ. ಎಲ್ಲರೂ ತಮ್ಮ ತಮ್ಮ ಬಟ್ಟಲು, ಲೋಟ, ಊಟದ ಕಡ್ಡಿಗಳನ್ನು ಆ ಬಿಸಿ ಚಹಾದಲ್ಲಿ ಅದ್ದಿ ತೊಳೆದು, ನೀರನ್ನು ದೊಡ್ಡ ಬೋಗುಣಿಗೆ ಚೆಲ್ಲಿದರು. ಆ ಊರಿನ ಪದ್ಧತಿ. ಹೋಟೆಲಿನವರು ತೊಳೆದದ್ದರ ಮೇಲೆ ಅವರಿಗೆ ನಂಬಿಕೆ ಇಲ್ಲ, ಇಲ್ಲವೆಂಬುದನ್ನು ಹೋಟೆಲಿನವರ ಎದುರೇ ತೋರಿಸುತ್ತಾರೆ. ನನ್ನಂಥವನಿಗೆ ಬಹಳ ಹಿಡಿಸಿದ ದೇಶ.

‘ಮಡಿ ಇದೆ ಕಣ್ರೀ ಈ ಜನಕ್ಕೆ,’ ಎಂದು ಭಾವನಿಗೂ ಹಿಡಿಸಿತು. ‘ಆದ್ರೆ ಉಲ್ಟಾ. ನಾವು ಉಂಡ್ ಮೇಲೆ ತೊಳೀತೀವಿ, ಇವ್ರು ಉಣ್ಣೋಕ್ ಮುಂಚೆ ತೊಳೀತಾರೆ.’

ನಂತರ ಸೂಪು. ಭಾವ ಸಸ್ಯಾಹಾರಿ ಎಂದು ಬೆಳಗ್ಗಿನಿಂದ ನಾನು ಗ್ರೇಸ್ ಮೇಡಂಗೆ ಹೇಳುತ್ತಲೇ ಇದ್ದೆ. ‘ಇದರಲ್ಲಿ ಮಾಂಸ ಇದೆಯೇ?’ ಎಂದು ಕೇಳಿದೆ.

‘ಇಲ್ಲ, ಇಲ್ಲ. ಬೇಯಿಸಿದ ಮೇಲೆ ಕೋಳಿಯನ್ನು ತೆಗೆದಿದ್ದೇವೆ.’

ಭಾವ ಚಮಚವನ್ನು ಮೆಲ್ಲಗೆ ಕೆಳಗಿಟ್ಟರು. ಮುಖ ಬಾಡಿತು. ಲಿಯಾಂಗರ ಮುಖವೂ ಬಾಡಿತು. ಬಾಳೆಹಣ್ಣಿನ ಹುಬ್ಬಳ್ಳಿಯವನು ಆ ಕ್ಷಣ ನಮ್ಮ ಮೂವರ ಕಣ್ಣ ಮುಂದೆಯೂ ಬಂದಿರಬೇಕು. ನಾನು ಗ್ರೇಸ್ ಮೇಡಂಗೆ ಮತ್ತೆ ಹೇಳಿದೆ: ತುಂಡೂ ಬೇಡ, ರಸವೂ ಬೇಡ, ಕೊಬ್ಬೂ ಬೇಡ. ಭಾವ ಅಂಗಿಯ ಮೇಲಿನ ಗುಂಡಿ ಬಿಚ್ಚಿ ಲಿಂಗದ ಕರಡಿಗೆ ತೋರಿಸಿದರು. ಗ್ರೇಸ್ ಮೇಡಂ ಅದನ್ನು ನೋಡಿದರು, ನನ್ನನ್ನು ನೋಡಿದರು. ‘ಓ! ಭಿಕ್ಷುಗಳ ಊಟ! ಮೊದಲೇ ಹೇಳಬಾರದಿತ್ತೇ?’ ಎಂದು ಅಡುಗೆಮನೆಗೆ ತಾವೇ ಹೋದರು. ಬೌದ್ಧ ಗುಡಿಗಳಲ್ಲಿ ಬಡಿಸುವಂಥ ಅಡುಗೆ ಅಲ್ಲಿ ಬೇರೆಯೇ ಇದೆಯಂತೆ. ನನ್ನ ಇಡೀ ದಿನದ ಇಂಗ್ಲಿಷಿಗಿಂತ ಒಂದು ಬೆಳ್ಳಿ ಕರಡಿಗೆ ಹೆಚ್ಚು ಮಾತಾಡಿತು.

ಬಂತು. ತೋಫು ಎಂಬ ಸೋಯಾ ಪನೀರು, ಅಣಬೆ, ತಾವರೆ ಬೇರಿನ ಬಿಲ್ಲೆಗಳು, ಶುಂಠಿ ಹಾಕಿ ಬಾಡಿಸಿದ ಸೊಪ್ಪು, ಎಳ್ಳೆಣ್ಣೆಯ ಬದನೆಕಾಯಿ. ಭಾವ ಮೂಸಿ ನೋಡಿ, ಒಂದು ತುತ್ತು ಬಾಯಿಗಿಟ್ಟು, ಕಣ್ಣು ಮುಚ್ಚಿದರು.

‘ಮೇಷ್ಟ್ರೇ, ಬದನೇಕಾಯಿ ಎಣ್ಗಾಯಿಗೆ ನೆಂಟಸ್ತನ ಇದೆ ಕಣ್ರೀ.’

ಅದೇ ಹೊತ್ತಿಗೆ ಚಕ್ರದ ಆ ಬದಿಯಲ್ಲಿ ಮೀನು ಬಂದು ಕೂತಿತು, ಇಡಿಯಾಗಿ, ಕಣ್ಣು ಸಮೇತ. ಅದರ ಪಕ್ಕ ಕೋಳಿಯ ಪಾದಗಳು, ಉಗುರು ಕತ್ತರಿಸಿದವು. ನಾನು ತಿನ್ನಬೇಕಾದ ಸಮಯ. ಬೇಲಿಗಳೆಲ್ಲ ಸಮಾಜ ಕಟ್ಟಿದ್ದು ಎಂದು ಮನಸ್ಸಿನಲ್ಲಿ ಹೇಳಿಕೊಂಡೆ. ಚಕ್ರ ತಿರುಗಿ ಪಾದಗಳು ನನ್ನ ಕಡೆ ಬರುತ್ತಿದ್ದವು, ನಾಲ್ಕೂ ಬೆರಳು ಚಾಚಿಕೊಂಡು. ಸರಿಯಾಗಿ ನನ್ನೆದುರು ಬಂದಾಗ ನನ್ನ ಕೈ ತಾನಾಗಿಯೇ ಗಾಜನ್ನು ಇನ್ನೊಂದಿಷ್ಟು ತಳ್ಳಿತು. ಅವು ಟೋಪಿಯ ಅಜ್ಜನ ಮುಂದೆ ನಿಂತವು. ಅಜ್ಜ ಸಂತೋಷದಿಂದ ಎರಡು ಎತ್ತಿಕೊಂಡರು. ಮತ್ತೆ ಮೀನು ಬಂತು, ಮತ್ತೆ ತಳ್ಳಿದೆ. ಅಂದು ನಾನು ಎಲ್ಲವನ್ನೂ ತಿಂದೆ ಎಂದು ಊರಲ್ಲಿ ಬಹಳ ಜನಕ್ಕೆ ಹೇಳಿದ್ದೇನೆ. ಬರೆಯಲು ಕೂತಾಗ ನೋಡಿದರೆ ನಾಲಿಗೆಯಲ್ಲಿರುವುದು ಅಣಬೆ ಮಾತ್ರ.

ತೊಂದರೆ ಶುರುವಾದದ್ದು ಆಮೇಲೆ. ಭಾವ ತಮ್ಮ ಮುಂದಿನ ತೋಫುವನ್ನು ಮುಗಿಸಿದರು. ತಟ್ಟೆ ಖಾಲಿಯಾಯಿತು. ಲಿಯಾಂಗ್ ಕೂಗಿದರು, ಇನ್ನೊಂದು ತಟ್ಟೆ ತೋಫು ಬಂತು. ಭಾವ ಅದನ್ನೂ ಮುಗಿಸಿದರು. ಸೊಪ್ಪು ಖಾಲಿಯಾಯಿತು, ಸೊಪ್ಪು ಬಂತು. ಬದನೆಕಾಯಿ ಖಾಲಿಯಾಯಿತು, ಎರಡು ತಟ್ಟೆ ಬದನೆಕಾಯಿ ಬಂತು. ಲಿಯಾಂಗ್ ತಾವೇ ಎದ್ದು ಭಾವನ ಬಟ್ಟಲಿಗೆ ಹಾಕತೊಡಗಿದರು. ಭಾವ ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದರು. ಬೆರಳ ಸಂದಿಯಿಂದ ಅಣಬೆ ಇಳಿಯಿತು.

ಬಸವೇಶ್ವರನಗರದಲ್ಲಿ ತುಪ್ಪದ ಪಾತ್ರೆ ಹಿಡಿದು ಎಷ್ಟು ಜನರ ಹೊಟ್ಟೆ ಕೆಡಿಸಿದ ಮನುಷ್ಯ! ಈಗ ಅವರ ಹಣೆಯಲ್ಲಿ ಬೆವರು. ವಿಭೂತಿ ಕರಗಿ ಹುಬ್ಬಿಗಿಳಿದಿತ್ತು. ನನಗೆ ಒಳಗೊಳಗೇ ಆದ ಆನಂದವನ್ನು ಮುಚ್ಚಿಡುವುದಿಲ್ಲ. ಅವರ ಮನೆಯ ಎಲ್ಲ ಗೃಹಪ್ರವೇಶಗಳ, ಎಲ್ಲ ನಾಮಕರಣಗಳ ಸೇಡು ಯಾರೋ ದೂರದೇಶದವನು ತೀರಿಸುತ್ತಿದ್ದ.

ಆದರೆ ನನಗೆ ಒಂದು ಸಂಗತಿ ಗೊತ್ತಿತ್ತು. ಚೀನಾದಲ್ಲಿ ಅತಿಥಿ ತಟ್ಟೆ ಖಾಲಿ ಮಾಡಿದರೆ ಇನ್ನೂ ಹಸಿವಿದೆ ಎಂದರ್ಥ. ಸ್ವಲ್ಪ ಬಿಟ್ಟರೆ ಸಾಕಾಯಿತು, ತೃಪ್ತಿಯಾಯಿತು ಎಂದರ್ಥ. ಇದನ್ನು ಎಲ್ಲೋ ಓದಿದ್ದೆ. ಎಲ್ಲಿ? ಪುಸ್ತಕದಲ್ಲೋ, ಸಲೂನಿನ ವಾರಪತ್ರಿಕೆಯಲ್ಲೋ, ಅಥವಾ ಬಸ್ಸಿನಲ್ಲಿ ಯಾರೋ ಹೇಳಿದ್ದೋ? ಜಪಾನಿನ ಬಗ್ಗೆ ಓದಿದ್ದೇನೋ? ಆಧಾರವಿಲ್ಲದ ಮಾತನ್ನು ಹೇಗೆ ಹೇಳುವುದು? ನಾನು ಯೋಚಿಸುತ್ತಾ ಕೂತೆ, ಭಾವ ತಿನ್ನುತ್ತಾ ಕೂತರು. ಮನುಷ್ಯನೊಬ್ಬ ಕಣ್ಣೆದುರಿಗೆ ಉಬ್ಬುತ್ತಿರುವಾಗ ಅಡಿಟಿಪ್ಪಣಿ ಹುಡುಕುವವನನ್ನು ತಯಾರು ಮಾಡಿದ ವಿದ್ಯೆ ನನ್ನದು.

ಕೊನೆಗೆ ಗ್ರೇಸ್ ಮೇಡಂ ನನ್ನ ಕಡೆ ಬಾಗಿದರು. ‘ನಿಮ್ಮ ಭಾವನಿಗೆ ಊಟ ಸಾಲುತ್ತಿಲ್ಲವೇ? ಬಾಸ್‌ಗೆ ಬಹಳ ಅವಮಾನವಾಗುತ್ತಿದೆ. ಊಟದಲ್ಲೇ ತೃಪ್ತಿ ಇಲ್ಲದವರು ನಾಳೆ ಯಂತ್ರದಲ್ಲಿ ತೃಪ್ತರಾಗುತ್ತಾರೆಯೇ ಎಂದು ಕೇಳುತ್ತಿದ್ದಾರೆ.’

ಆಧಾರ ಸಿಕ್ಕಿತು. ನಾನು ಕನ್ನಡದಲ್ಲಿ, ನಗುಮುಖದಲ್ಲೇ ಹೇಳಿದೆ: ‘ಭಾವ, ತಿನ್ನೋದು ನಿಲ್ಸಿ. ಒಂದು ತುಂಡು ಬಟ್ಟಲಲ್ಲಿ ಬಿಡಿ. ಬಿಟ್ರೆ ಸಾಕು ಅಂತ ಅರ್ಥ. ಖಾಲಿ ಮಾಡಿದ್ರೆ ಏಜೆನ್ಸಿ ಹೋಯ್ತು.’

‘ಬಿಡೋದಾ?’ ಭಾವನ ದನಿ ಸಣ್ಣದಾಯಿತು. ‘ಪ್ರಸಾದ ಬಿಡೋಕಾಗತ್ತೇನ್ರೀ?’

‘ಇದು ಪ್ರಸಾದ ಅಲ್ಲ ಭಾವ, ತಾವರೆ ಬೇರು.’

‘ಬಟ್ಲಿಗ್ ಬಂದ್ ಮೇಲೆ ಎಲ್ಲಾ ಪ್ರಸಾದಾನೇ.’

ಅವರ ಬಟ್ಟಲಿನಲ್ಲಿ ತಾವರೆ ಬೇರಿನ ಒಂದೇ ಒಂದು ಬಿಲ್ಲೆ ಉಳಿದಿತ್ತು, ಸುತ್ತ ತೂತುಗಳಿರುವ ದುಂಡನೆಯ ಬಿಲ್ಲೆ. ಭಾವ ಅದನ್ನು ನೋಡುತ್ತಾ ಕೂತರು. ಲಿಯಾಂಗ್ ಭಾವನನ್ನು ನೋಡುತ್ತಾ ಕೂತರು, ಕೈ ಎತ್ತಿ ಇನ್ನೊಂದು ತಟ್ಟೆಗೆ ಕೂಗಲು ಸಿದ್ಧರಾಗಿ. ಒಂದು ಬದಿಯಲ್ಲಿ ಇಡೀ ಕರ್ನಾಟಕದ ಏಜೆನ್ಸಿ, ಇನ್ನೊಂದು ಬದಿಯಲ್ಲಿ ಅಪ್ಪ ಅಜ್ಜಂದಿರ ಮಾತು, ನಡುವೆ ಆ ಬಿಲ್ಲೆ.

ಮುಂದಿನದನ್ನು ನನ್ನ ನೆನಪು ಹೇಳುವ ಹಾಗೆ ಬರೆಯುತ್ತೇನೆ. ಭಾವ ಬಿಲ್ಲೆಯನ್ನು ಬಾಯಿಗೆ ಹಾಕಿಕೊಂಡರು. ಕೆಟಲ್ ಎಳೆದುಕೊಂಡು ಬಟ್ಟಲಿಗೆ ಚಹಾ ಸುರಿದರು. ಬಟ್ಟಲಿನ ಅಂಚಿಗೆ ಒಂದು ನೀಲಿ ಗೆರೆ ಇತ್ತು; ಆ ಗೆರೆಯವರೆಗೆ ತುಂಬಿತು. ಬೆರಳು ಹಾಕಿ ಸುತ್ತ ಸವರಿದರು. ಎಳ್ಳೆಣ್ಣೆಯ ಚುಕ್ಕೆಗಳು ಮೇಲೆ ತೇಲಿದವು. ಆಮೇಲೆ ಎರಡೂ ಕೈಯಲ್ಲಿ ಎತ್ತಿ ಕುಡಿದರು. ಉಪ್ಪುಪ್ಪಾದ, ತುಸು ಕಹಿ, ಕೊನೆಗೆ ಗಂಟಲಲ್ಲಿ ಶುಂಠಿ ಚುರ್ ಎನ್ನುವ ಚಹಾ.

ಏಜೆನ್ಸಿ ಹೋಯಿತು ಎಂದುಕೊಂಡೆ.

ಆಗ ಟೋಪಿಯ ಅಜ್ಜ ಗೊಳ್ಳೆಂದು ನಕ್ಕರು. ತಮ್ಮ ಬಟ್ಟಲಿಗೆ ಚಹಾ ಹೊಯ್ದುಕೊಂಡು, ಗರಗರ ಆಡಿಸಿ, ಗಟಗಟ ಕುಡಿದು, ಬಟ್ಟಲನ್ನು ಬೋರಲು ಮಾಡಿ ತೋರಿಸಿದರು. ಲಿಯಾಂಗರ ಕಿವಿ ಕೆಂಪಾಯಿತು. ಅಪ್ಪ ಮಗನಿಗೆ ಏನೋ ಅಂದರು. ಮಗ ಏನೋ ಅಂದ. ಅಪ್ಪ ಅದನ್ನೇ ಇನ್ನೂ ಗಟ್ಟಿಯಾಗಿ ಅಂದರು.

ಗ್ರೇಸ್ ಮೇಡಂ ಮೊದಲ ಬಾರಿಗೆ ನಕ್ಕರು. ‘ಗಿರಾಕಿಗಳ ಎದುರು ಹೀಗೆ ಮಾಡಬೇಡ, ಬಡವರ ಹಾಗೆ ಕಾಣುತ್ತದೆ ಎಂದು ಬಾಸ್ ಎಷ್ಟೋ ವರ್ಷದಿಂದ ಅಪ್ಪನಿಗೆ ಹೇಳುತ್ತಲೇ ಇದ್ದಾರೆ. ಹಸಿವಿನ ಕಾಲ ಕಂಡವರು, ಬಿಡುವುದಿಲ್ಲ. ಇವತ್ತು ಗಿರಾಕಿಗಳೇ ಮಾಡಿಬಿಟ್ಟರು.’

‘ಮುದುಕರು ಏನಂದರು?’

‘ಹಣ್ಣು ತರಿಸು, ಊಟ ಮುಗಿಯಿತು ಅಂದರು. ಏಜೆನ್ಸಿ ಇವರಿಗೇ ಕೊಡು ಅಂದರು. ಹಣ್ಣಿನ ವಿಷಯ ಮೊದಲು ಹೇಳಿದರು.’

ಮತ್ತೆ ಬಸವೇಶ್ವರನಗರ

ಏಜೆನ್ಸಿ ಬಂತು. ಭಾವನ ಅಂಗಡಿಯ ಮುಂದೆ ಹೊಸ ಬೋರ್ಡ್ ಬಂತು. ಅದರ ಜೊತೆಗೆ ಕಥೆಯೂ ಬಂತು. ಭಾವ ಅದನ್ನು ಅಂಗಡಿಯಲ್ಲಿ ಹೇಳಿದರು, ಮಠದಲ್ಲಿ ಹೇಳಿದರು, ಮದುವೆಗಳಲ್ಲಿ ಹೋಳಿಗೆ ಬಡಿಸುತ್ತಾ ಹೇಳಿದರು. ಎರಡು ತಿಂಗಳ ಬಳಿಕ ಅದು ನನ್ನ ಫೋನಿಗೇ ವಾಟ್ಸ್ಯಾಪಿನಲ್ಲಿ ಬಂದು ಬಿತ್ತು, ಕೆಳಗೆ ಕೈ ಮುಗಿದ ಚಿತ್ರಗಳ ಸಾಲಿನೊಂದಿಗೆ. ಅದರಲ್ಲಿ ಭಾವ ‘ಕರ್ನಾಟಕದ ಒಬ್ಬ ಶರಣರು’ ಆಗಿದ್ದರು, ಲಿಯಾಂಗರ ಅಪ್ಪ ಕಣ್ಣೀರಿಟ್ಟು ಕಾಲಿಗೆ ಬಿದ್ದಿದ್ದರು, ತಟ್ಟೆ ತೊಳೆದು ಕುಡಿಯುವ ನೀರಿನಲ್ಲಿ ಏನೋ ಅಪರೂಪದ ಶಕ್ತಿ ಇದೆಯೆಂದು ಚೀನಾದ ವಿಜ್ಞಾನಿಗಳು ಒಪ್ಪಿದ್ದರು. ಜೊತೆಗಿದ್ದ ಎಂ.ಎ. ಪದವೀಧರನ ಹೆಸರೇ ಇಲ್ಲ. ಕಳಿಸಿದವನು ಮಲ್ಲತ್ತಹಳ್ಳಿಯ ನನ್ನ ಹಳೆಯ ಸಹಪಾಠಿ. ಅವನೂ ಇತಿಹಾಸದ ಎಂ.ಎ.

ನನಗೆ ಕೋಪಕ್ಕಿಂತ ಭಯವಾಯಿತು. ಅದನ್ನು ಓದಿದ ದಿನದಿಂದ ಕಣ್ಣು ಮುಚ್ಚಿದರೆ ಆ ಅಜ್ಜ ನಿಜಕ್ಕೂ ಕಾಲಿಗೆ ಬೀಳುವುದು ಕಾಣತೊಡಗಿತ್ತು. ಮರುದಿನ ಭಾವ ನಮ್ಮ ಮನೆಗೆ ಊಟಕ್ಕೆ ಬಂದಾಗ ಕೇಳಿಯೇಬಿಟ್ಟೆ. ಮುದ್ದೆ, ಬಸ್ಸಾರು, ಕೊನೆಗೆ ಮಜ್ಜಿಗೆ ಅನ್ನ. ಸ್ಟೀಲಿನ ತಟ್ಟೆಗಳು. ಗಿರಿಜೆ ಬಡಿಸುತ್ತಿದ್ದಳು.

‘ಭಾವ, ಆ ಮುದುಕರು ಕಾಲಿಗೆ ಬಿದ್ರಾ?’

‘ಇಲ್ಲ. ಜನ ಸೇರಿಸ್ಕಂತಾರೆ, ಏನ್ ಮಾಡೋದು.’

‘ಇತಿಹಾಸ ಹೀಗೇ ಕೆಡೋದು. ನೀವು ಬಟ್ಟಲು ತೊಳೆದು ಕುಡಿದ್ರಿ, ನಿಮ್ಮನ್ನ ನೋಡಿ ಅವರು ಕುಡಿದ್ರು. ಆದದ್ದು ಇಷ್ಟೇ. ನಾನೇ ಕಣ್ಣಾರೆ ನೋಡಿದೀನಿ.’

ಭಾವ ಮಜ್ಜಿಗೆಯ ಲೋಟ ಕೆಳಗಿಟ್ಟರು. ಗಿರಿಜೆಯ ಮುಖ ನೋಡಿದರು.

‘ಮೊದ್ಲು ಕುಡಿದಿದ್ದು ನಾನಲ್ಲ ಮೇಷ್ಟ್ರೇ. ನೀವು.’

‘ನಾನಾ?’

‘ನಾನು ಬಿಲ್ಲೆ ಬಿಟ್ಬಿಟ್ಟಿದ್ದೆ. ನೀವು ಹೇಳಿದ್ರಲ್ಲ, ಏಜೆನ್ಸಿ ಹೋಗತ್ತೆ ಅಂತ. ಏಜೆನ್ಸಿ ಮುಖ್ಯ ಅನ್ನಿಸ್ತು. ಬಟ್ಲು ಆ ಕಡೆ ತಳ್ಳಿ, ಶಿವ ಕ್ಷಮಿಸಲಿ ಅಂತ ಈ ಕಡೆ ತಿರುಗಿದ್ರೆ, ನೀವು ಟೀ ಹಾಕ್ಕಂಡು ಬೆರಳಲ್ಲಿ ಬಟ್ಲು ಸವರ್ತಿದ್ರಿ. ಪೂರ್ತಿ ಕುಡಿದ್ರಿ. ಅಷ್ಟರಲ್ಲಿ ಅಜ್ಜ ನಕ್ಕರು. ನಂಗೆ ನಾಚಿಕೆ ಆಗಿ, ಬಿಲ್ಲೆ ತಗೊಂಡು ತಿಂದು, ಆಮೇಲೆ ನಾನೂ ಕುಡಿದೆ.’

‘ಸಾಧ್ಯವೇ ಇಲ್ಲ. ಹಾಗಿದ್ರೆ ಊರೆಲ್ಲ ನೀವೇ ಕುಡಿದ್ರಿ ಅಂತ ಯಾಕೆ ಹೇಳ್ತಾ ಬಂದ್ರಿ?’

‘ನೀವು ಕುಡಿದ್ರಿ ಅಂದ್ರೆ ಯಾರ್ ನಂಬ್ತಾರೆ?’

ನಾಲಿಗೆಯ ಮೇಲೆ, ಕರೆಯದೆಯೇ, ಆ ಉಪ್ಪು, ಆ ಕಹಿ, ಆ ಶುಂಠಿಯ ಚುರ್ ಎದ್ದು ಬಂತು. ಭಾವನ ಬಟ್ಟಲಿನ ಚಹಾದ ರುಚಿ ನನಗೆ ಹೇಗೆ ಗೊತ್ತು? ಆದರೂ ಸೋಲಲಿಲ್ಲ. ವಿಶ್ವವಿದ್ಯಾಲಯ ಕಲಿಸಿದ್ದನ್ನು ಕೇಳಿಯೇ ಕೇಳಿದೆ.

‘ಆ ಅಭ್ಯಾಸ ನಾನು ಬಿಟ್ಟು ಎಷ್ಟೋ ವರ್ಷ ಆಯ್ತು. ನಾನೇ ಕುಡಿದೆ ಅನ್ನೋದಕ್ಕೆ ಆಧಾರ ಏನು?’

ಗಿರಿಜೆ ಸಾರಿನ ಸೌಟು ಹಿಡಿದುಕೊಂಡೇ ನಿಂತಿದ್ದಳು.

‘ಯಾವಾಗ್ರೀ ಬಿಟ್ರಿ?’ ಎಂದಳು. ‘ಮಾತು ನಿಲ್ಸಿ, ಒಂದ್ಸಲ ಕೆಳಗ್ ನೋಡ್ಕೊಳ್ಳಿ.’

ಬಗ್ಗಿ ನೋಡಿದೆ. ನನ್ನ ತಟ್ಟೆಯಲ್ಲಿ ನೀರಿತ್ತು. ನೀರಿನಲ್ಲಿ ನನ್ನ ಬೆರಳಿತ್ತು.